ಎರಡು ನೀಲಿ ಪಾಸ್‌ಪೋರ್ಟ್

ಅಮೆರಿಕದ ನಮ್ಮ ಕನ್ನಡ ಕೂಟದ ಯುಗಾದಿ ಊಟದ ಕೂಪನ್ನಿನಲ್ಲಿ ಉಳಿದ ದುಡ್ಡನ್ನು ಊರ ಕಡೆ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಪುಟ್ಟ ಸಂಸ್ಥೆಗೆ ಕಳಿಸೋಣ ಎಂದು ಕಳೆದ ಸಭೆಯಲ್ಲಿ ಎಲ್ಲರೂ ಕೈ ಎತ್ತಿದೆವು. ಫೋನ್ ಮಾಡಿ ಹೇಳಿದರೆ ಆ ಕಡೆಯವರಿಗೆ ಖುಷಿಗಿಂತ ಗಾಬರಿಯೇ ಜಾಸ್ತಿ. "ಅಯ್ಯೋ, ಖಾತೆಗೆ ಹಾಕಿಬಿಟ್ಟೀರಿ ಸಾರ್! ನಮಗೆ ಎಫ್‌ಸಿಆರ್‌ಎ ಇಲ್ಲ."

ಎಫ್‌ಸಿಆರ್‌ಎ ಅಂದರೆ ಭಾರತದ ವಿದೇಶಿ ದೇಣಿಗೆಯ ಕಾಯ್ದೆ. ಹೊರಗಿನ ದುಡ್ಡು ಪಡೆಯಲು ಸಂಸ್ಥೆಗೆ ಅದರಡಿ ನೋಂದಣಿ ಬೇಕು. ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. 2010ರಲ್ಲಿ ಹೊಸ ಕಾಯ್ದೆಯಾಯಿತು, 2020ರಲ್ಲಿ ಇನ್ನೂ ಬಿಗಿಯಾಯಿತು. ಸಂಸ್ಥೆ ರಾಯಚೂರಿನದ್ದಾದರೂ ಹೊರಗಿನ ದುಡ್ಡು ಮೊದಲು ಬೀಳಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೇ. ನನಗೆ ಹೆಚ್ಚು ಬೇಸರ ತರಿಸಿದ್ದು ಇನ್ನೊಂದು ನಿಯಮ. ಮೊದಲಾದರೆ ನೋಂದಣಿಯಿದ್ದ ದೊಡ್ಡ ಸಂಸ್ಥೆಯೊಂದು ದುಡ್ಡು ಪಡೆದು, ಅದೇ ನೋಂದಣಿಯಿದ್ದ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. 2020ರಿಂದ ಅದೂ ನಿಂತಿತು. ದುಡ್ಡಿಗೆ ಲೆಕ್ಕ ಕೇಳುವುದು ಸರಿ. ಹಂಚುವ ಕೈಯನ್ನೇ ಕಟ್ಟುವುದು ಯಾಕೋ ತಿಳಿಯದು.

ನಮ್ಮ ಮನೆಗಳೊಳಗಿನ ತಮಾಷೆ ನೋಡಿ. ಗಂಡನದು ಭಾರತದ ಪಾಸ್‌ಪೋರ್ಟ್, ಹೆಂಡತಿಯದು ಅಮೆರಿಕದ್ದು. ಎರಡೂ ನೀಲಿಯೇ! ಆತ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದುಡ್ಡಲ್ಲ. ಆಕೆ ಕೊಟ್ಟರೆ ಹೌದು, ಪರ್ಸಿನಲ್ಲಿ ಓಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಕೂಟವಂತೂ ಇಲ್ಲೇ ನೋಂದಣಿಯಾದದ್ದು, ಹಾಗಾಗಿ ಪೂರಾ ವಿದೇಶಿ.

ಹಾಗಂತ ಸರ್ಕಾರಗಳಿಗೆ ಸಂಸ್ಥೆಗಳು ಬೇಡವೆಂದಲ್ಲ. 2000ನೇ ಇಸವಿಯಲ್ಲಿ ಬೆಂಗಳೂರಿನಲ್ಲಿ 1,500 ಮಕ್ಕಳಿಗೆ ಊಟ ಹಾಕಲು ಶುರುಮಾಡಿದ ಅಕ್ಷಯ ಪಾತ್ರ ಇವತ್ತು ಸರ್ಕಾರದ ಬಿಸಿಯೂಟ ಯೋಜನೆಯ ಪಾಲುದಾರ. ಸರ್ಕಾರದಿಂದ ಧಾನ್ಯ ಮತ್ತು ಅನುದಾನ, ಇವರದು ಅಡುಗೆಮನೆ. ಅನ್ನ ಬಡಿಸುವವರಿಗೆ ಸಿಗುವ ಮಣೆ ಪ್ರಶ್ನೆ ಕೇಳುವವರಿಗೆ ಸಿಗುವುದು ಕಷ್ಟ, ಅಲ್ವಾ?

ಇಲ್ಲಿ ಅಮೆರಿಕದಲ್ಲೂ ಸುಮ್ನೆ ಬಿಡುವುದಿಲ್ಲ. ನಮ್ಮದು 501(ಸಿ)(3) ಸಂಸ್ಥೆ, ಅಂದರೆ ಇಲ್ಲಿನ ತೆರಿಗೆ ಕಾನೂನಿನ ಪ್ರಕಾರ ಲಾಭಕ್ಕಲ್ಲದ ಸಂಸ್ಥೆ, ಆದಾಯ ತೆರಿಗೆ ಇಲ್ಲ. ಬದಲಿಗೆ ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ವಿವರಪಟ್ಟಿ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಸತತ ಮೂರು ವರ್ಷ ಮರೆತರೆ ವಿನಾಯಿತಿ ತಾನಾಗಿಯೇ ಹೋಗುತ್ತದೆ. ಚುನಾವಣೆಯಲ್ಲಿ ಯಾರ ಪರ ನಿಲ್ಲುವುದೂ 1954ರಿಂದ ನಿಷಿದ್ಧ. ಶಾಲಾ ಮಂಡಳಿಗೆ ನಿಂತಿರುವ ನಮ್ಮ ಸದಸ್ಯರೇ, "ಮತ ಕೊಡಿ" ಎಂಬ ನಿಮ್ಮ ಬರಹ ಈ ಸಂಚಿಕೆಯಲ್ಲಿ ಇಲ್ಲದಿರುವುದು ಅದಕ್ಕೇ. ಬೇಜಾರು ಮಾಡಿಕೊಳ್ಳಬೇಡಿ.

ದುಡ್ಡು ಸದ್ಯ ಕೂಟದ ಖಾತೆಯಲ್ಲೇ ಇದೆ. ಎಫ್‌ಸಿಆರ್‌ಎ ನೋಂದಣಿ ಇರುವ, ಹಳ್ಳಿ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆ ಗೊತ್ತಿದ್ದರೆ ಖಜಾಂಚಿಗೆ ತಿಳಿಸಿ. ಆ ಪುಟ್ಟ ಸಂಸ್ಥೆಗೇ ಕೊಡಬೇಕೆಂದಿರುವ ಭಾರತದ ಪಾಸ್‌ಪೋರ್ಟಿನವರು ಸ್ವಂತ ಖಾತೆಯಿಂದ ಕಳಿಸಬಹುದು. ಕಳಿಸುವ ಮುಂಚೆ ಅವರಿಗೊಂದು ಫೋನ್ ಮಾಡಿ, ಪಾಪ, ಮತ್ತೆ ಗಾಬರಿಯಾದಾರು.