ಒಪೇರಾಕ್ಕೆ ಏನು ಉಡಲಿ ಅಂತ ಕೇಳಿದ ಪುಟ್ಟಿಗೆ

ಮೈಸೂರು

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ನೋಡಿದೆ. ಲ್ಯಾಬಿನವರೆಲ್ಲ ಸೇರಿ ವಿಯೆನ್ನಾದ ಸ್ಟಾಟ್ಸ್‌ಓಪರ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಒಪೇರಾ ಮಂದಿರದಲ್ಲಿ, ತೋಸ್ಕಾ ಅನ್ನುವ ಒಪೇರಾ (ಹಾಡುನಾಟಕ) ನೋಡಲು ಹೊರಟಿದ್ದೀರಿ, ನಿನ್ನ ಹತ್ತಿರ ಗೌನ್ ಇಲ್ಲ, ಬಾಡಿಗೆಗೆ ತರಲಾ ಅಂತ ಕೇಳಿದ್ದೀಯ. ಬೇಡ. ಸುಮ್ನೆ ದುಡ್ಡು ದಂಡ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಅರ್ಧ ಮರೆಯುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿಮ್ಮ ಮಾವನ ಕೆಲಸದ ದೆಸೆಯಿಂದ ಆ ಊರಿನಲ್ಲಿ ವರ್ಷಗಟ್ಟಲೆ ಇದ್ದವಳು ನಾನು. ಆ ಮೆಟ್ಟಿಲು ಹತ್ತಿ ಇಳಿದದ್ದು ಲೆಕ್ಕವಿಲ್ಲ.

ಮೊದಲು ನಿನ್ನ ಹೆದರಿಕೆ ಬಿಡಿಸುತ್ತೇನೆ. ನೀನು ನೆಟ್‌ನಲ್ಲಿ ನೋಡಿದ ಆ ಫೋಟೋಗಳು, ನೆಲ ಗುಡಿಸುವ ಗೌನು, ಬಿಳಿ ಬೋ ಕಟ್ಟಿದ ಗಂಡಸರು, ಅವೆಲ್ಲ ಓಪರ್ನ್‌ಬಾಲ್ ಅನ್ನುವ ಕುಣಿತದ ಕೂಟದವು. ಅದು ವರ್ಷಕ್ಕೊಂದೇ ರಾತ್ರಿ. ಕ್ರಿಶ್ಚಿಯನ್ನರ ಉಪವಾಸದ ದಿನಗಳು ಶುರುವಾಗುವ ಮುಂಚಿನ ಗುರುವಾರ. ಅವತ್ತು ಕುರ್ಚಿಗಳೇ ಇರುವುದಿಲ್ಲ, ಇಡೀ ಸಭಾಂಗಣವೇ ಕುಣಿಯುವ ಅಂಗಳ. ಆ ರಾತ್ರಿ ಮಾತ್ರ ಹೆಂಗಸರಿಗೆ ಪಾದ ಮುಟ್ಟುವ ಗೌನ್, ಗಂಡಸರಿಗೆ ಬಾಲದ ಕೋಟು ಕಡ್ಡಾಯ. ಉಳಿದ ದಿನ ಚಡ್ಡಿ, ಬನಿಯನ್, ಹವಾಯಿ ಚಪ್ಪಲಿ ಹಾಕಿಕೊಂಡು ಹೋಗದಿದ್ದರೆ ಆಯಿತು. ಬೇಸಿಗೆಯಲ್ಲಿ ಟೂರಿಸ್ಟುಗಳು ಅದನ್ನೂ ಮಾಡಿ ಬೈಸಿಕೊಳ್ಳುತ್ತಾರೆ ಅನ್ನು.

ಹಾಗಂತ ಜೀನ್ಸ್ ಏರಿಸಿಕೊಂಡು ಹೋಗು ಅಂತಲೂ ನಾನು ಹೇಳುವುದಿಲ್ಲ. ಹೋದರೆ ಯಾರೂ ತಡೆಯುವುದಿಲ್ಲ, ನಿಜ. ಆದರೆ ಅಲ್ಲಿನ ವಯಸ್ಸಾದವರು ಈಗಲೂ ಚೆನ್ನಾಗಿ ಉಟ್ಟು ಬರುತ್ತಾರೆ. ಕಪ್ಪು ಸೂಟು, ಮಂಡಿ ಮುಚ್ಚುವ ಉಡುಪು, ಅಜ್ಜಿಯ ಕಾಲದ ಬ್ರೋಚು. ನಡುವೆ ಡಿರ್ಂಡ್ಲ್ ತೊಟ್ಟ ಹೆಂಗಸರೂ ಕಾಣುತ್ತಾರೆ. ಅದು ಅವರ ನಾಡಿನ ಹಳ್ಳಿಯ ಉಡುಪು, ಅಲ್ಲಿ ಅದಕ್ಕೆ ಸೂಟಿನಷ್ಟೇ ಮರ್ಯಾದೆ. ಅವರ ಊರಿನ ಬಟ್ಟೆ ಅವರಿಗೆ ಸರಿಹೋದ ಮೇಲೆ ನಿನ್ನ ಸೀರೆಗೆ ಏನಾಗಿದೆ? ಸೀರೆಯೇ ಉಡು.

ಯಾವ ಸೀರೆ ಅನ್ನುವುದು ನಿನ್ನ ಟಿಕೆಟ್ ಮೇಲಿದೆ. ಅದನ್ನೇ ನೀನು ಬರೆದಿಲ್ಲ. ವಿದ್ಯಾರ್ಥಿಗಳ ಗುಂಪು ಅಂದಮೇಲೆ ಷ್ಟೇಪ್ಲಾಟ್ಸ್ ಇರಬೇಕು, ನಿಂತು ನೋಡುವ ಜಾಗ. ಅಂಥವು ಅಲ್ಲಿ 400ಕ್ಕೂ ಜಾಸ್ತಿ ಇವೆ. ಅಗ್ಗ ಅಂತ ಮೂಗು ಮುರಿಯಬೇಡ, ಸಂಗೀತ ಬಲ್ಲವರು ನಿಲ್ಲುವುದೇ ಅಲ್ಲಿ. ಒಳಗೆ ಹೋದ ತಕ್ಷಣ ನಿನ್ನ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಗಂಟು ಹಾಕು. ಅಷ್ಟು ಮಾಡಿದರೆ ಆ ಜಾಗ ನಿನ್ನದು. ಕಾಫಿ ಕುಡಿದು ಬರಬಹುದು, ಯಾರೂ ಬಿಚ್ಚುವುದಿಲ್ಲ. ಸಾಲುಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಟ್ಟೆ, ನಡುನಡುವೆ ಯಾರದೋ ಟೈ ಕೂಡ, ನಮ್ಮೂರ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆಯೇ. ಅದಕ್ಕೊಂದು ಹಳೇ ಕಾಟನ್ ಸ್ಕಾರ್ಫ್ ತೆಗೆದುಕೊಂಡು ಹೋಗು. ರೇಷ್ಮೆಯದು ಜಾರುತ್ತದೆ.

ಆಟ ವಿರಾಮಗಳೂ ಸೇರಿ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ನಿಲ್ಲುವ ಕಾಲಿಗೆ ಹೀಲ್ಸ್ ಬೇಡ. ಕಾಂಜೀವರಂ ಕೂಡ ಬೇಡ. ಭಾರ ಜಾಸ್ತಿ, ಮಿಸುಕಿದರೆ ಸರಸರ ಅನ್ನುತ್ತದೆ, ನೆರಿಗೆ ಬಿಚ್ಚಿಕೊಂಡು ಹಿಂದಿನವರ ಕಾಲಿಗೆ ಸಿಗುತ್ತದೆ. ನಿಮ್ಮಮ್ಮ ಕೊಟ್ಟು ಕಳಿಸಿದ ಮೈಸೂರು ಸಿಲ್ಕ್ ಇದೆಯಲ್ಲ, ಸಣ್ಣ ಅಂಚಿನದು, ಅದನ್ನು ಉಡು. ಮೈಗೆ ಅಂಟಿಕೊಂಡು ಬೀಳುತ್ತದೆ, ಮುದುರುವುದಿಲ್ಲ, ಸದ್ದು ಮಾಡುವುದಿಲ್ಲ. ಸೆರಗಿಗೆ ಪಿನ್ ಹಾಕು. ಜೋತುಬಿಟ್ಟರೆ ಕಂಬಿಗೆ ಸಿಕ್ಕಿಕೊಳ್ಳುತ್ತದೆ.

ಚಳಿ ಚಳಿ ಅಂತ ಸೀರೆಯ ಮೇಲೆ ಸ್ವೆಟರ್ ಏರಿಸಬೇಡ. ಕೋಟನ್ನು ಒಳಗೆ ಬಿಡುವುದಿಲ್ಲ, ಗಾರ್ಡೆರೋಬೆಯಲ್ಲಿ, ಅಂದರೆ ಕೋಟು ಇಟ್ಟುಕೊಳ್ಳುವ ಕೌಂಟರಿನಲ್ಲಿ, ಕೊಟ್ಟೇ ಹೋಗಬೇಕು. ದೊಡ್ಡ ಚೀಲವೂ ಅಷ್ಟೇ. ಕುರ್ಚಿಗಳೇ ಸುಮಾರು 1,700, ಜೊತೆಗೆ ನಿಂತವರು. ಅಷ್ಟು ಜನರ ಉಸಿರಿಗೆ ಮೇಲೆ ನಿಂತವರಿಗೆ ಸೆಖೆಯೇ ಆಗುತ್ತದೆ. ಬೆಚ್ಚಗಿನದ್ದೆಲ್ಲ ಸೀರೆಯ ಒಳಗಿರಲಿ: ಲಂಗದ ಒಳಗೆ ಉಣ್ಣೆಯ ಟೈಟ್ಸ್, ಮೇಲೆ ಉದ್ದ ತೋಳಿನ ಬ್ಲೌಸು. ರಿಂಗ್ ರಸ್ತೆಯಲ್ಲಿ ಟ್ರಾಮ್ ಇಳಿದರೆ ಅರೆಕರಗಿದ ಹಿಮ, ಉಪ್ಪು, ಸಣ್ಣ ಜಲ್ಲಿ. ಜರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ನೆರಿಗೆಯನ್ನು ಗೇಣು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೋಟಿನ ಗುಂಡಿ ಹಾಕಿಕೋ, ಬೂಟಿನಲ್ಲೇ ಹೋಗು. ಬಟ್ಟೆ ಚೀಲದಲ್ಲಿ ಚಪ್ಪಟೆ ಶೂ ಇಟ್ಟುಕೊಂಡು ಗಾರ್ಡೆರೋಬೆ ಮುಂದೆ ಬದಲಾಯಿಸು. ಮುತ್ತಿನ ಸರ ಹಾಕಿದ ಮುದುಕಿಯರೂ ಅಲ್ಲೇ ಒಂಟಿಕಾಲಲ್ಲಿ ನಿಂತು ಶೂ ಬದಲಾಯಿಸುತ್ತಾರೆ.

ಇನ್ನು ಒಡವೆ. ಗಾಜಿನ ಬಳೆ ಬೇಡ, ಗೆಜ್ಜೆ ಬೇಡವೇ ಬೇಡ. ಅಲ್ಲಿ ಹಾಡುವವರ ಮುಂದೆ ಮೈಕ್ ಇರುವುದಿಲ್ಲ ಪುಟ್ಟಿ. ಅಷ್ಟು ದೊಡ್ಡ ವಾದ್ಯಮೇಳದ ಮೇಲೆ ಬರೀ ಗಂಟಲಲ್ಲಿ ಹಾಡಿ ಮೇಲಿನ ಗ್ಯಾಲರಿಗೆ ಮುಟ್ಟಿಸುತ್ತಾರೆ. ಅದಕ್ಕೇ ಅಷ್ಟು ನಿಶ್ಶಬ್ದ. ತೋಸ್ಕಾದ ಮೂರನೇ ಅಂಕದಲ್ಲಿ ರೋಮ್‌ನಲ್ಲಿ ಬೆಳಕು ಹರಿಯುತ್ತದೆ. ದೂರದೂರದ ಗಂಟೆಗಳು, ಆಮೇಲೆ ಒಂದೇ ಒಂದು ಕ್ಲಾರಿನೆಟ್. ಮರಣದಂಡನೆಗೆ ಕಾದಿರುವವನೊಬ್ಬ ಹಾಡು ಶುರುಮಾಡುವ ಗಳಿಗೆ. ಆಗ ನೀನು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿ ಬಳೆ ಘಲ್ ಅಂದರೆ ಎಷ್ಟು ತಲೆ ತಿರುಗುತ್ತವೆ ಗೊತ್ತಾ? ಒಂದೊಂದು ಚಿನ್ನದ ಬಳೆ ಸಾಕು. ತುರುಬು ಎತ್ತರಕ್ಕೆ ಕಟ್ಟಬೇಡ, ಹಿಂದಿನವರಿಗೆ ವೇದಿಕೆ ಕಾಣಬೇಕಲ್ಲ. ಜಡೆ ಹಾಕು. ಸೆಂಟೂ ಜಾಸ್ತಿ ಬೇಡ.

ಹಿಂದೆ ಒಪೇರಾಕ್ಕೆ ಹೋಗುತ್ತಿದ್ದುದೇ ತೋರಿಸಿಕೊಳ್ಳಲು. ಆಟದ ಉದ್ದಕ್ಕೂ ದೀಪ ಉರಿಯುತ್ತಿದ್ದವು. ಲಾಳದ ಆಕಾರದಲ್ಲಿ ಸುತ್ತ ಬಾಕ್ಸ್‌ಗಳು, ಕೆಲವದರಿಂದ ವೇದಿಕೆಗಿಂತ ಎದುರು ಕೂತವರ ಹಾರವೇ ಚೆನ್ನಾಗಿ ಕಾಣುತ್ತಿತ್ತು. 1897ರಿಂದ 1907ರವರೆಗೆ ಅಲ್ಲಿ ನಿರ್ದೇಶಕರಾಗಿದ್ದ ಗುಸ್ತಾವ್ ಮಾಲರ್ ಬಹಳ ಕಟ್ಟುನಿಟ್ಟು. ತಡವಾಗಿ ಬಂದವರಿಗೆ ಬಾಗಿಲು ಹಾಕಿಸಿದರು. ಆ ಶಿಸ್ತು ಇವತ್ತಿಗೂ ಇದೆ. ತಡವಾದರೆ ವಿರಾಮದವರೆಗೆ ಹೊರಗೆ ಟಿವಿ ಪರದೆಯಲ್ಲಿ ನೋಡಬೇಕು. ಸೀರೆ ಉಡಲು ನಿನಗೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. ಬೇಗ ಶುರುಮಾಡು.

ಬೇಗ ಹೋದರೆ ಇನ್ನೊಂದು ಲಾಭ, ಆ ಅಮೃತಶಿಲೆಯ ಮೆಟ್ಟಿಲನ್ನು ಕಣ್ತುಂಬ ನೋಡಬಹುದು. 1945ರ ಮಾರ್ಚ್ 12ರಂದು ಬಾಂಬ್ ಬಿದ್ದು ವೇದಿಕೆ, ಸಭಾಂಗಣ ಎರಡೂ ಸುಟ್ಟುಹೋದವು. ಮುಂಭಾಗ ಮತ್ತು ಆ ಮೆಟ್ಟಿಲು ಉಳಿದವು. ನನ್ನ ಹೊಟ್ಟೆ ಉರಿಯುವುದು ಬಟ್ಟೆಗೆ. ಸುಮಾರು 1,50,000 ವೇಷಗಳು ಆ ಬೆಂಕಿಗೆ ಹೋದವು. ಹೊಲಿದವರ ಕೈ, ಕಸೂತಿ, ಅಳತೆ ಎಲ್ಲ. 1955ರ ನವೆಂಬರ್ 5ಕ್ಕೆ ಮತ್ತೆ ಬಾಗಿಲು ತೆಗೆದಾಗ ಎಲ್ಲವನ್ನೂ ಮೊದಲಿಂದ ಹೊಲಿಯಬೇಕಾಗಿತ್ತು.

ನೀನು ನೋಡುವ ತೋಸ್ಕಾ 1958ರಲ್ಲಿ ಕಟ್ಟಿದ್ದು. ಹಾಡುವವರು ಬದಲಾಗುತ್ತಾರೆ, ರಂಗಸಜ್ಜು ಅದೇ. ತೋಸ್ಕಾಳೂ ಹಾಡುಗಾರ್ತಿಯೇ. ಎರಡನೇ ಅಂಕದಲ್ಲಿ ಅರಮನೆಯಲ್ಲಿ ಸಂಗೀತ ಕಛೇರಿ ಮುಗಿಸಿ ಆ ವೈಭವದ ಉಡುಪಿನಲ್ಲೇ ಬರುತ್ತಾಳೆ. ಅದರಲ್ಲೇ ಒಬ್ಬನನ್ನು ಚುಚ್ಚಿ ಕೊಲ್ಲುತ್ತಾಳೆ, ಹೆಣದ ಎರಡೂ ಪಕ್ಕ ಮೇಣದಬತ್ತಿ ಇಟ್ಟು ಹೊರಗೆ ಹೋಗುತ್ತಾಳೆ. ಅಷ್ಟುದ್ದದ ಬಟ್ಟೆಯನ್ನು ಬೆಂಕಿಗೆ ತಾಗದ ಹಾಗೆ ಹೇಗೆ ಸಂಭಾಳಿಸುತ್ತಾಳೆ ನೋಡು. ನೀನು ಸೀರೆಯಲ್ಲಿ ನಾಲ್ಕು ಮಹಡಿ ಮೆಟ್ಟಿಲು ಹತ್ತಲಾರೆಯಾ?

ನಿನ್ನ ಲ್ಯಾಬಿನ ಹುಡುಗರು ಕೇಳಿದರೆ ಇಸ್ತ್ರಿ ಮಾಡಿದ ಶರ್ಟು, ಕಪ್ಪು ಪ್ಯಾಂಟು, ಇದ್ದರೆ ಒಂದು ಜಾಕೆಟ್ ಸಾಕು ಅಂತ ಹೇಳು. ಆಟ ಮುಗಿದ ಮೇಲೆ ಆಲ್ಬರ್ಟಿನಾ ಮ್ಯೂಸಿಯಮ್ ಪಕ್ಕದ ಸಾಸೇಜ್ ಅಂಗಡಿಗೆ ಎಳೆದುಕೊಂಡು ಹೋಗುತ್ತಾರೆ. ನೀನು ತಿನ್ನುವುದಿಲ್ಲ ಬಿಡು, ಆದರೆ ಪಕ್ಕದವರ ತಟ್ಟೆಯ ಸಾಸಿವೆ ಗೊಜ್ಜಿನಿಂದ ಸೆರಗು ದೂರ ಇಟ್ಟುಕೋ. ಅರಿಶಿನದ ಹಾಗೆ ಕಲೆ ನಿಲ್ಲುತ್ತದೆ.

ಬ್ಲೌಸನ್ನು ಇವತ್ತೇ ಒಮ್ಮೆ ಹಾಕಿ ನೋಡು. ಅಲ್ಲಿನ ಬ್ರೆಡ್ಡು ಚೀಸು ತಿಂದು ತೋಳು ಬಿಗಿಯಾಗಿರಬಹುದು. ಒಳಗೆ ಎರಡು ಹೊಲಿಗೆ ಹಾಕಿಸಿದ್ದೇನೆ, ಮೊದಲನೆಯದನ್ನು ಬಿಚ್ಚಿದರೆ ಸಾಕು. ಗೊತ್ತಾಗದಿದ್ದರೆ ಭಾನುವಾರ ವಿಡಿಯೋ ಕಾಲ್ ಮಾಡು, ತೋರಿಸುತ್ತೇನೆ.

ಇಂತಿ,
ನಿನ್ನ ಅತ್ತೆ