ಕಂಟೋನ್ಮೆಂಟ್ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಕಂಟೋನ್ಮೆಂಟ್’ ಅನ್ನೋ ಪದ ಚೀನಾದ ಕ್ಯಾಂಟನ್ ಊರಿನಿಂದ ಬಂತು ಎಂಬ ಮೆಸೇಜ್ ಗುಂಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. ಆ ಊರಿನ ಹೆಸರು ಗುವಾಂಗ್‌ಡಾಂಗ್ ಅನ್ನೋ ಅಲ್ಲಿನ ಪ್ರಾಂತ್ಯದ ಹೆಸರಿನ ಪೋರ್ಚುಗೀಸ್ ರೂಪದಿಂದ ಬಂದದ್ದು. ಬರೀ ದನಿ ಹೋಲುತ್ತದೆ, ಅಷ್ಟೇ.

ನಮ್ಮ ಪದ ಬಂದದ್ದು ಫ್ರೆಂಚ್‌ನಿಂದ. ಅಲ್ಲಿ ‘ಕ್ಯಾಂಟನ್’ ಅಂದರೆ ಮೊದಲು ಮೂಲೆ, ಆಮೇಲೆ ನಾಡಿನ ಒಂದು ಭಾಗ. ಸ್ವಿಟ್ಜರ್‌ಲೆಂಡಿನ ಕ್ಯಾಂಟನ್‌ಗಳೂ ಇದೇ. ಸೈನ್ಯವನ್ನು ಹಾಗೆ ಭಾಗ ಮಾಡಿ ಬೇರೆ ಬೇರೆ ಕಡೆ ಇಳಿಸುವುದೇ ಕಂಟೋನ್ಮೆಂಟ್. ಯುರೋಪಿನಲ್ಲಿ ಅದು ತಾತ್ಕಾಲಿಕ ಬಿಡಾರ. ಇಲ್ಲಿ ಬ್ರಿಟಿಷರು ಕಾಯಂ ಮಾಡಿಬಿಟ್ಟರು, ಬೆಂಗಳೂರಿನದು 1809ರದ್ದು. ಜನ ಸುಮ್ನೆ ‘ದಂಡು’ ಅಂದರು. ನನಗಂತೂ ಅದೇ ಇಷ್ಟ.

ಪದಮೂಲದ ಮೆಸೇಜ್ ಹಾಕುವ ಮೊದಲು ಒಮ್ಮೆ ನಿಘಂಟು ನೋಡಿ.