ಮಧ್ಯಾಹ್ನ 1:10ಕ್ಕೇ ಸಂಜೆ 4:15ರ ಹಣ್ಣು ತಿನ್ನಿಸಿ ಮುಗಿಸಿದ ನಿಮ್ಮ ಡೈರಿ ಬಗ್ಗೆ

ಗೆ,
ಪೋಷಕರ ದೂರು ವಿಭಾಗ,
ಮುಖ್ಯ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ಹುಬ್ಬಳ್ಳಿ ಶಾಖೆಯ ಡೇ ಕೇರ್‌ನಲ್ಲಿ ಮಕ್ಕಳ ಆರೈಕೆ, ಮೊದಲೇ ಬರೆದಿಟ್ಟ ದಿನದ ಡೈರಿ ಮತ್ತು ಹೇಳಿ ಬರುವ ತಪಾಸಣೆ

ಮಾನ್ಯರೇ,

ನಿಮ್ಮನ್ನು ಮುಟ್ಟಲು ಇದು ನನ್ನ ಐದನೇ ಪ್ರಯತ್ನ. ಮೂರು ಸಲ ಫೋನ್ ಮಾಡಿದೆ, ಒಂದು ಸಲ ಇಮೇಲ್ ಹಾಕಿದೆ. ಫೋನ್ ಎತ್ತಿದವರು ಮೂರೂ ಸಲ "ನೋಟ್ ಮಾಡ್ಕೊಂಡಿದೀವಿ ಮೇಡಂ, 48 ಗಂಟೆ ಒಳಗೆ ಕಾಲ್ ಬರುತ್ತೆ" ಅಂದರು. ಬರಲಿಲ್ಲ. ಇವತ್ತಿಗೆ 19 ದಿನ ಆಯಿತು. ಇಮೇಲ್‌ಗೆ ಬಂದದ್ದು "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅನ್ನುವ ಒಂದು ಸಾಲು. ನಾನು ಅಭಿಪ್ರಾಯ ಹೇಳಿರಲಿಲ್ಲ, ನನ್ನ ಮಗಳ ತೊಡೆಯ ಫೋಟೋ ಕಳಿಸಿದ್ದೆ.

ನಾನು ಧಾರವಾಡದಲ್ಲಿ ಕೆಲಸ ಮಾಡುತ್ತೇನೆ, ಮನೆ ಇರುವುದು ಉಣಕಲ್‌ನಲ್ಲಿ. ಯಜಮಾನರದ್ದು ಗದಗಿನಲ್ಲಿ ನೌಕರಿ, ಬೆಳಿಗ್ಗೆ ಏಳಕ್ಕೇ ಹೊರಡುತ್ತಾರೆ. ಅತ್ತೆಯವರಿಗೆ ಮಂಡಿ ನೋವು, ಓಡಾಡುವ ಕೂಸಿನ ಹಿಂದೆ ಓಡಲು ಅವರಿಂದ ಆಗುವುದಿಲ್ಲ. ಹಾಗಾಗಿ ಕಳೆದ ಜೂನ್‌ನಲ್ಲಿ, ಮಗಳಿಗೆ 14 ತಿಂಗಳು ತುಂಬಿದಾಗ ನಿಮ್ಮಲ್ಲಿ ಸೇರಿಸಿದೆವು. ಅಡ್ಮಿಷನ್ನಿಗೆ 15,000, ತಿಂಗಳಿಗೆ 7,500. ಒಂದು ತಿಂಗಳೂ ತಡ ಮಾಡಿಲ್ಲ. ಸಂಜೆ 6:30 ದಾಟಿದರೆ ಪ್ರತಿ 15 ನಿಮಿಷಕ್ಕೆ 100 ರೂಪಾಯಿ ದಂಡ ಅಂತ ನಿಮ್ಮ ನಿಯಮ ಇದೆ, ಮಳೆಗಾಲದಲ್ಲಿ ಬಸ್ಸು ತಡವಾಗಿ ಎರಡು ಸಲ ಅದನ್ನೂ ಕಟ್ಟಿದ್ದೇನೆ. ಆ ಗಡಿಯಾರ ಎಂದೂ ತಪ್ಪಿಲ್ಲ. ಮಗಳ ಊಟ, ನಿದ್ದೆ, ಡೈಪರ್ ಬದಲಿಸಿದ ಹೊತ್ತು ಬರೆಯುವ ಡೈರಿಯ ಗಡಿಯಾರ ಮಾತ್ರ ಯಾಕೆ ತಪ್ಪಿತು ಅಂತ ಕೇಳಲು ಈ ಪತ್ರ.

ಜನವರಿಯ ಆ ದಿನ ನನಗೆ ಅರ್ಧ ದಿನ ರಜೆ ಸಿಕ್ಕಿತು. ಚಿಗರಿ ಬಸ್ಸು ಹತ್ತಿ ಬಂದು, ಮಧ್ಯಾಹ್ನ ಒಂದಕ್ಕೆ ನಿಮ್ಮ ಗೇಟಿನ ಮುಂದೆ ನಿಂತೆ. ಒಳಗೆ ಬಿಡಲು ಹತ್ತು ನಿಮಿಷ ಹಿಡಿಯಿತು. "ಮೇಡಂ, ಈ ಟೈಮಿಗೆ ಪೇರೆಂಟ್ಸ್ ಬರೂ ಹಂಗಿಲ್ಲ, ಮಕ್ಕಳ ರೂಟೀನ್ ಕೆಡ್ತದ" ಅಂದರು. ನಾನು ಕರೆದುಕೊಂಡು ಹೋಗಲು ಬಂದಿದ್ದೇನೆ ಅಂದ ಮೇಲೆ ಚಿಲಕ ತೆಗೆದರು. ಒಳಗೆ ಟಿವಿ ಹಚ್ಚಿತ್ತು. ಮಕ್ಕಳು ಚಾಪೆ ಮೇಲೆ, ಕೆಲವರು ಕೂತಲ್ಲೇ ತೂಕಡಿಸುತ್ತಿದ್ದರು. ಎಣಿಸಿದೆ, 14 ಮಕ್ಕಳು. ಆಯಾ ಒಬ್ಬರೇ. ಅವರ ತೊಡೆ ಮೇಲೆ ಒಂದು ಕೂಸು ಅಳುತ್ತಿತ್ತು, ಇನ್ನೊಂದು ಅವರ ಸೀರೆ ಹಿಡಿದು ಎಳೆಯುತ್ತಿತ್ತು. ನನ್ನ ಮಗಳು ಮೂಲೆಯಲ್ಲಿ ಗೋಡೆಗೆ ಆತು ನಿಂತಿದ್ದಳು. ನನ್ನನ್ನು ನೋಡಿ ಓಡಿ ಬರಲಿಲ್ಲ. ಕಾಲು ಅಗಲ ಮಾಡಿಕೊಂಡು ನಿಧಾನ ನಡೆದು ಬಂದಳು. ಡೈಪರ್ ಭಾರಕ್ಕೆ ಮಂಡಿವರೆಗೂ ಜೋತುಬಿದ್ದಿತ್ತು.

ಎತ್ತಿಕೊಂಡೆ. ನನ್ನ ಸೊಂಟ ಒದ್ದೆಯಾಯಿತು. ಒದ್ದೆ ತೋರಿಸುವ ಹಳದಿ ಗೆರೆ ಡೈಪರ್ ಮೇಲೆ ಇರುತ್ತದಲ್ವಾ, ಅದು ಈ ತುದಿಯಿಂದ ಆ ತುದಿವರೆಗೆ ಕಡುನೀಲಿ. ಬೆಳಿಗ್ಗೆ 8:20ಕ್ಕೆ ನಾನು ಹಾಕಿ ಕಳಿಸಿದ್ದ ಡೈಪರ್ ಅದೇ. ಗುರುತು ಹೇಗೆ ಸಿಕ್ಕಿತೆಂದರೆ, ಅವತ್ತು ಎಡಗಡೆ ಅಂಟು ಹರಿದು ನಾನೇ ಒಂದು ತುಂಡು ಬಿಳಿ ಟೇಪು ಹಚ್ಚಿದ್ದೆ. ಟೇಪು ಹಾಗೇ ಇತ್ತು. ಚೀಲ ತೆರೆದೆ, ಕಳಿಸಿದ್ದ ನಾಲ್ಕು ಡೈಪರ್‌ಗಳೂ ಮಡಿಕೆ ಬಿಚ್ಚದೆ ಹಾಗೇ ಇದ್ದವು.

ಆಮೇಲೆ ಡೈರಿ ತೆರೆದೆ. ಅವತ್ತಿನ ಪುಟದಲ್ಲಿ ಹೀಗಿತ್ತು: 10:30 ಡೈಪರ್ ಬದಲಿಸಿದೆ. 12:00 ಊಟ, ಪೂರ್ತಿ. 1:00 ಡೈಪರ್ ಬದಲಿಸಿದೆ. 1:30ರಿಂದ 3:00 ನಿದ್ದೆ, ಚೆನ್ನಾಗಿ. 3:30 ಡೈಪರ್ ಬದಲಿಸಿದೆ. 4:15 ಬಾಳೆಹಣ್ಣು ಅರ್ಧ. 5:00 ಖುಷಿಯಾಗಿ ಆಡಿದಳು. ಎಲ್ಲ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಓಟ. ಗೋಡೆಯ ಗಡಿಯಾರ ನೋಡಿದೆ. 1:10.

ಡಬ್ಬಿಯನ್ನೂ ತೆರೆದೆ. ಹೆಸರುಬೇಳೆ ಕಿಚಡಿ ಹಾಕಿ ಕಳಿಸಿದ್ದೆ. ಎರಡು ಚಮಚ ಹೋಗಿತ್ತೇನೋ. ಬಾಟ್ಲಿಯಲ್ಲಿ ಬೆಳಿಗ್ಗೆ ಕುಡಿದು ಉಳಿಸಿದ ಹಾಲು ಹಾಗೇ ನಿಂತಿತ್ತು, ಪಕ್ಕಕ್ಕೆ ಇಟ್ಟಿದ್ದು ನೋಡಿದರೆ ಮಲಗುವಾಗ ಮತ್ತೆ ಕೊಡಲು ಇಟ್ಟಂತೆ ಕಂಡಿತು. ಕೂಸು ಬಾಯಿ ಹಚ್ಚಿದ ಹಾಲನ್ನು ಒಂದು ತಾಸಿನ ಮೇಲೆ ಇಡಬಾರದು, ಚೆಲ್ಲಬೇಕು. ಇದು ನಿಮ್ಮ ಅಡ್ಮಿಷನ್ ಪುಸ್ತಕದಲ್ಲೇ ಇದೆ.

ಈಗ ಮ್ಯಾನೇಜರ್ ರೂಮಿನಲ್ಲಿ ಆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ. 19 ದಿನದಿಂದ ಇದು ನನ್ನ ತಲೆಯಿಂದ ಹೋಗಿಲ್ಲ.

ರೂಮಿನಲ್ಲಿ ಅಡ್ಮಿಷನ್ ಕೇಳಲು ಬಂದ ಗಂಡ ಹೆಂಡತಿ ಇದ್ದರು. ಆಕೆಯ ಮಡಿಲಲ್ಲಿ ಐದಾರು ತಿಂಗಳ ಕೂಸು. ನಾನು ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತೆ. "ಎರಡ ನಿಮಿಷ ಮೇಡಂ" ಅಂದರು. ಎರಡು ನಿಮಿಷ ಅಲ್ಲ, ಇಪ್ಪತ್ತು ನಿಮಿಷ ನಿಲ್ಲಿಸಿದರು. ಮಗಳು ಭಾರ, ಕೈ ಸೋತಿತ್ತು. ಖಾಲಿ ಇದ್ದ ಸೋಫಾ ಮೇಲೆ ಅವಳನ್ನು ಕೂಡಿಸಲು ಬಗ್ಗಿದೆ. ಆಗ ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದು, "ಮೇಡಂ ಮೇಡಂ, ಅಲ್ಲೆ ಬ್ಯಾಡ್ರಿ, ಹೊಸಾ ಸೋಫಾ ಐತಿ, ಕಲಿ ಬೀಳ್ತದ" ಅಂದರು. ಅವರ ಕೈಯಲ್ಲೇ ಐದು ತಾಸು ಒದ್ದೆಯಲ್ಲಿ ನಿಂತ ಕೂಸು ಅದು. ಆ ಕೂಸಿನಿಂದ ಅವರು ಕಾಪಾಡಿದ್ದು ಸೋಫಾವನ್ನು. ನಾನು ಮತ್ತೆ ಎತ್ತಿಕೊಂಡು ನಿಂತೆ.

ಡೈರಿ ಮೇಜಿನ ಮೇಲಿಟ್ಟು, "ಇನ್ನೂ ಆಗದೇ ಇರೋದನ್ನ ಹೆಂಗ ಬರದೀರಿ?" ಅಂತ ಕೇಳಿದೆ. ಡೈರಿ ನೋಡಲೇ ಇಲ್ಲ ಅವರು. "ಡೈರಿ ಅಂದ್ರ ಅಂದಾಜ ರೀ. ದಿನಾ ಅದ ಆಗ್ತದಲ್ಲಾ?" ಅಂದರು. ಡೈಪರ್ ತೋರಿಸಿದೆ. "ನಿಮ್ಮ ಮಗಳು ಜಾಸ್ತಿ ನೀರು ಕುಡೀತಾಳ" ಅಂದರು. 14 ಮಕ್ಕಳಿಗೆ ಒಬ್ಬರೇ ಯಾಕೆ ಅಂದೆ. ಅದಕ್ಕೆ ಅವರು ಆ ಗಂಡ ಹೆಂಡತಿ ಕಡೆ ತಿರುಗಿ ನಕ್ಕು, "ಒಬ್ಬೊಬ್ಬ ಪೇರೆಂಟ್ಸ್ ಹಿಂಗ ಇರ್ತಾರ್ರಿ" ಅಂದರು. ಆಮೇಲೆ ನನಗೆ ಹೇಳಿದ ಮಾತು ಇದು: "ಅಷ್ಟ ಕಾಳಜಿ ಇದ್ರ ನೌಕ್ರಿ ಬಿಟ್ಟು ಮನ್ಯಾಗ ಕುಂದರಬೇಕಿತ್ತು. ಹಡದ ತಾಯಿ ಹಂಗ ಯಾರ ನೋಡ್ತಾರ ಹೇಳ್ರಿ?"

ನನಗೆ ಮಾತು ಹೊರಡಲಿಲ್ಲ. ಹೆರಿಗೆ ರಜೆ 26 ವಾರ. ಅದು ಮುಗಿದ ಮೇಲೂ ಸಂಬಳ ಇಲ್ಲದೆ ಏಳು ತಿಂಗಳು ಮನೆಯಲ್ಲಿ ಇದ್ದವಳು ನಾನು. ಇದನ್ನೆಲ್ಲ ಅಲ್ಲಿ ಹೇಳಬೇಕಿತ್ತು. ಹೇಳಲಾಗದೆ ಕಣ್ಣಲ್ಲಿ ನೀರು ಬಂತು, ಅದೂ ಆ ಇಬ್ಬರ ಮುಂದೆ.

ಅಷ್ಟಕ್ಕೇ ಬಿಡಲಿಲ್ಲ. ಆಯಾ ಅವರನ್ನು ಕರೆಸಿ, ಎಲ್ಲರ ಎದುರು ಬೈದು, ಒಂದು ದಿನದ ಪಗಾರ ಕಡಿಯುತ್ತೇನೆ ಅಂದರು. ನಾನು ಬೇಡ ಅಂದೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆಯಾ ನನ್ನ ಹತ್ತಿರ ಬಂದು, "ಅಕ್ಕಾರ, ನಾ ಒಬ್ಬಾಕಿನ ಅದೀನ್ರಿ. ಮುಂಜಾನೆನ ಡೈರಿ ಎಲ್ಲಾ ಬರದ ಇಡು ಅಂತಾರ, ಆಮ್ಯಾಲ ಟೈಮ್ ಸಿಗಂಗಿಲ್ಲಲ್ರಿ" ಅಂದರು. ಇದನ್ನು ಬರೆದದ್ದಕ್ಕೆ ಅವರ ಕೆಲಸಕ್ಕೆ ಏನಾದರೂ ಆದರೆ ನಾನು ಅದಕ್ಕೂ ಬರುತ್ತೇನೆ. ಅವರದ್ದು ತಪ್ಪಲ್ಲ. ನಿಮ್ಮ ಅಡ್ಮಿಷನ್ ಪುಸ್ತಕದ ನಾಲ್ಕನೇ ಪುಟದಲ್ಲಿ ಎರಡು ವರ್ಷದ ಒಳಗಿನ 5 ಮಕ್ಕಳಿಗೆ ಒಬ್ಬ ಆಯಾ ಅಂತ ದಪ್ಪ ಅಕ್ಷರದಲ್ಲಿ ಇದೆ. ನೀವೇ ಬರೆದದ್ದು. ಸರ್ಕಾರದ ಶಿಶುಪಾಲನಾ ಕೇಂದ್ರದಲ್ಲಿ ಸಹ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಒಬ್ಬ ಸಹಾಯಕಿ ಇರಬೇಕು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರಿಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ, ಅಲ್ಲಿ ದುಡ್ಡು ಕೊಡದೇ ಸಿಗಬೇಕಾದ ಗಮನ 7,500 ಕೊಟ್ಟ ಜಾಗದಲ್ಲಿ ಸಿಗಬಾರದಾ?

ಡೈರಿಗೆ ಯಾಕೆ ಇಷ್ಟು ಜೀವ ತೇಯುತ್ತೀಯಾ ಅಂತ ನಮ್ಮ ಮನೆಯಲ್ಲೂ ಕೇಳಿದರು. ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಮಗಳಿಗೆ ತೊಡೆಸಂದಿ ಕೆಂಪಾಗಿ, ಚರ್ಮ ಸುಲಿದು, ನೀರು ತಾಗಿದರೆ ಚೀರುತ್ತಿದ್ದಳು. ಡಾಕ್ಟರ್ ಎಷ್ಟು ತಾಸಿಗೊಮ್ಮೆ ಡೈಪರ್ ಬದಲಿಸುತ್ತೀರಿ ಅಂತ ಕೇಳಿದರು. ನಾನು ನಂಬಿಕೆಯಿಂದ ನಿಮ್ಮ ಡೈರಿಯ ಫೋಟೋ ತೋರಿಸಿದೆ, ಎರಡೂವರೆ ತಾಸಿಗೊಮ್ಮೆ. ಹಾಗಿದ್ದರೆ ಡೈಪರ್ ಕಂಪನಿ ಬದಲಿಸಿ ನೋಡಿ, ಸೋಪು ಬದಲಿಸಿ ನೋಡಿ ಅಂದರು. ಎರಡನ್ನೂ ಬದಲಿಸಿದೆ. ಮುಲಾಮು ಹಚ್ಚಿದೆ. ಶನಿವಾರ ಭಾನುವಾರ ಕಡಿಮೆ ಆಗುತ್ತಿತ್ತು, ಬುಧವಾರದ ಹೊತ್ತಿಗೆ ಮತ್ತೆ ಕೆಂಪು. ಒಂದೂವರೆ ತಿಂಗಳು ನಾನು ಸೋಪನ್ನು ಬೈದೆ. ಕಾರಣ ಬೇರೆಯೇ ಇತ್ತು. ಆ ಡೈರಿ ಡಾಕ್ಟರಿಗೂ ಸುಳ್ಳು ಹೇಳಿತ್ತು.

ನಾಳೆ ಯಾವುದೋ ಕೂಸಿಗೆ ವಾಂತಿ ಭೇದಿ ಆಗುತ್ತದೆ ಅಂತಿಟ್ಟುಕೊಳ್ಳಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಕೊನೆಗೆ ಉಚ್ಚೆ ಹೊಯ್ದದ್ದು ಯಾವಾಗ ಅಂತ. ಮೈಯಲ್ಲಿ ನೀರು ಎಷ್ಟು ಕಡಿಮೆ ಆಗಿದೆ ಅಂತ ಅದರಿಂದ ಗೊತ್ತಾಗುತ್ತದೆ. ಆ ತಾಯಿ ನಿಮ್ಮ ಡೈರಿ ತೆರೆದು 3:30 ಅಂತ ಓದುತ್ತಾಳೆ. ನನ್ನ ಮಗಳಿಗೆ ಬರುವುದು ಅವ್ವ, ಹಾಲು, ಬೌ, ಇಷ್ಟೇ. ಹಸಿವಾಯಿತು, ಉರಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಅವಳ ಪರವಾಗಿ ಸಂಜೆ ನನಗೆ ಮಾತಾಡುವುದು ಆ ಒಂದು ಪುಟ. ಅದನ್ನೇ ನೀವು ಬೆಳಿಗ್ಗೆ ಬರೆದು ಮುಗಿಸುತ್ತೀರಿ.

ಇನ್ನು ನಿಮ್ಮ ತಪಾಸಣೆ. ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕ್ವಾಲಿಟಿ ಆಡಿಟ್ ಟೀಮ್ ಬರುತ್ತದೆ ಅಂತ ಹಿಂದಿನ ದಿನವೇ ನಮಗೆಲ್ಲ ಮೆಸೇಜು ಬಂತು. ಮಕ್ಕಳನ್ನು ಯೂನಿಫಾರ್ಮಿನಲ್ಲಿ ಕಳಿಸಿ, ಉಗುರು ಕತ್ತರಿಸಿ ಕಳಿಸಿ ಅಂತ. ಅವತ್ತು ಬಾಗಿಲಲ್ಲಿ ನಾಲ್ವರು ಆಯಾಗಳು ನಗುತ್ತಾ ನಿಂತಿದ್ದರು. ಅದರಲ್ಲಿ ಇಬ್ಬರು ನಿಮ್ಮ ಧಾರವಾಡ ಶಾಖೆಯವರು ಅಂತ ಅಲ್ಲಿ ಮಗನನ್ನು ಬಿಡುವ ನನ್ನ ಸಹೋದ್ಯೋಗಿ ಗುರುತಿಸಿದಳು. ಹಾಗಾದರೆ ಅವತ್ತು ಅವಳ ಮಗನನ್ನು ನೋಡಿಕೊಂಡದ್ದು ಯಾರು? ಹೊಸ ಹಳದಿ ಹಾಸಿಗೆ, ಬೇಸಿನ್ ಹತ್ತಿರ ಹೊಸ ಸೋಪು, ಟಿವಿಗೆ ಬಟ್ಟೆ ಹೊದಿಸಿತ್ತು. ಮರುದಿನ ಹಾಸಿಗೆ ಇಲ್ಲ, ಸೋಪು ಇಲ್ಲ, ಟಿವಿ ಹಚ್ಚಿತ್ತು. ಎರಡು ವರ್ಷದ ಒಳಗಿನ ಮಕ್ಕಳಿಗೆ ಟಿವಿ, ಮೊಬೈಲು ಏನೂ ಬೇಡ ಅಂತ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ನಿಮ್ಮ ಡೈರಿಯಲ್ಲಿ ಅದರ ಹೆಸರು "ರೈಮ್ಸ್ ಚಟುವಟಿಕೆ". ವಾರ ಕಳೆಯುವುದರೊಳಗೆ ರಿಸೆಪ್ಷನ್ನಿನಲ್ಲಿ 100ಕ್ಕೆ 92 ಅಂತ ಸರ್ಟಿಫಿಕೇಟು ಕಟ್ಟು ಹಾಕಿಸಿ ತೂಗುಹಾಕಿದರು.

ತಪಾಸಣೆ ಮಾಡುವುದಿದ್ದರೆ ಹೇಳದೇ ಬನ್ನಿ. ಮಧ್ಯಾಹ್ನ ಒಂದೂವರೆಗೆ ಬನ್ನಿ, ಎಲ್ಲರೂ ದಣಿದಿರುವ ಹೊತ್ತಿಗೆ. ಫೈಲು ಆಮೇಲೆ ಕೇಳಿ, ಮೊದಲು ಕೆಳಗೆ ಚಾಪೆ ಮೇಲೆ ಕೂತು ಮಕ್ಕಳ ತಲೆ ಎಣಿಸಿ, ದೊಡ್ಡವರ ತಲೆ ಎಣಿಸಿ. ಹಾಸಿಗೆ ಮೂಸಿ ನೋಡಿ. ಡೈಪರ್ ಬದಲಿಸಿದ ಕೈ ಸೋಪಿನಲ್ಲಿ ತೊಳೆದು ಆಮೇಲೆ ತುತ್ತು ಕೊಡುತ್ತದಾ ನೋಡಿ. ಉಣ್ಣಿಸುವವರು ಕೂಸಿನ ಮುಖ ನೋಡುತ್ತಾರಾ ನೋಡಿ. ನಿಮ್ಮಲ್ಲಿ ಒಮ್ಮೆ ನಾಷ್ಟಾಕ್ಕೆ ಇಡೀ ಶೇಂಗಾ ಹಾಕಿದ ಅವಲಕ್ಕಿ ಕೊಟ್ಟಿದ್ದರು, ಈ ವಯಸ್ಸಿನ ಕೂಸಿನ ಗಂಟಲಲ್ಲಿ ಒಂದು ಶೇಂಗಾ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಡೈರಿ ತೆರೆದು ಗಡಿಯಾರದ ಜೊತೆ ತಾಳೆ ನೋಡಿ. ಇಷ್ಟಕ್ಕೆ ಅರ್ಧ ತಾಸು ಸಾಕು. ಜೊತೆಗೆ, ತಂದೆ ತಾಯಿ ಯಾವಾಗ ಬಂದರೂ ಬಾಗಿಲು ತೆಗೆಯಿರಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾನೂನು ತಿದ್ದಿದಾಗ, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಕೂಸನ್ನು ನೋಡಬಹುದು ಅಂತ ಹಾಕಿದರು. ಆಫೀಸಿನ ಕೇಂದ್ರದಲ್ಲಿ 4 ಸಲ ತಾಯಿ ಮುಖ ನೋಡಿದರೆ ಕೆಡದ ರೂಟೀನ್ ನಿಮ್ಮಲ್ಲಿ ಒಂದು ಸಲಕ್ಕೆ ಹೇಗೆ ಕೆಡುತ್ತದೆ?

ಮಗಳನ್ನು ನಿಮ್ಮಲ್ಲಿಂದ ಬಿಡಿಸಿದ್ದೇನೆ. ಸದ್ಯ ನನ್ನ ಅವ್ವ ಹಾವೇರಿಯಿಂದ ಬಂದಿದ್ದಾಳೆ. ಚರ್ಮ ಎಂಟು ದಿನದಲ್ಲಿ ವಾಸಿಯಾಯಿತು. ಆದರೂ ಡೈಪರ್ ಬಿಚ್ಚಲು ಕೈ ಹಚ್ಚಿದರೆ ಇನ್ನೂ ಎರಡೂ ಕಾಲು ಬಿಗಿ ಹಿಡಿಯುತ್ತಾಳೆ.

ಈಗ ನನ್ನ ಮಾತು. ಆ ಕೋಣೆಗೆ ನಿಮ್ಮ ಪುಸ್ತಕದ ಪ್ರಕಾರ ಮೂವರು ಆಯಾಗಳು ಬರಬೇಕು, ಡೈರಿ ಆದ ಮೇಲೆ ಬರೆಯಬೇಕು, ನವೆಂಬರ್‌ನ ಆ ಸರ್ಟಿಫಿಕೇಟು ಗೋಡೆಯಿಂದ ಇಳಿಯಬೇಕು. ಮ್ಯಾನೇಜರ್ ಆ ಆಯಾ ಅವರ ಕ್ಷಮೆ ಕೇಳಬೇಕು, ಆಮೇಲೆ ನನ್ನದು. ಜೂನ್‌ನಿಂದ ಕಟ್ಟಿದ ಫೀಸು ವಾಪಸ್ ಬರಬೇಕು. 15 ದಿನ ಕಾಯುತ್ತೇನೆ. "ಕಾಲ್ ಬರುತ್ತೆ" ಅನ್ನುವ ಮಾತು ಇನ್ನು ಬೇಡ, ಬರಹದಲ್ಲಿ ಉತ್ತರ ಕೊಡಿ.

ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ನಾನೇ ನಿಂತು ಮಾತಾಡುತ್ತೇನೆ. ಅದರ ಜೊತೆಗೇ ಮಕ್ಕಳ ಕಲ್ಯಾಣ ಸಮಿತಿಗೂ ಅರ್ಜಿ ಹೋಗುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಸಂಸ್ಥೆಯವರೇ ಮಗುವನ್ನು ಕಡೆಗಣಿಸಿ ನರಳಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ನಿಮ್ಮ ವಕೀಲರಿಗೆ ತೋರಿಸಿ. ಡೈರಿಯ ಆ ಪುಟ, ಹಿಂದೆ ಗೋಡೆ ಗಡಿಯಾರ ಕಾಣುವ ಹಾಗೆ ತೆಗೆದ ಫೋಟೋ, ಟೇಪು ಹಚ್ಚಿದ ಡೈಪರ್‌ನ ಫೋಟೋ, ಡಾಕ್ಟರ್ ಚೀಟಿ, ಎಲ್ಲ ನನ್ನ ಹತ್ತಿರ ಇವೆ. ಅವತ್ತು ರೂಮಿನಲ್ಲಿ ಕೂತಿದ್ದ ಆ ಗಂಡ ಹೆಂಡತಿ ಅಡ್ಮಿಷನ್ ಮಾಡಿಸಲಿಲ್ಲ. ಹೊರಗೆ ರಸ್ತೆವರೆಗೂ ನನ್ನ ಹಿಂದೆ ಬಂದು ಫೋನ್ ನಂಬರ್ ಕೊಟ್ಟು ಹೋದರು. ಕೇಳಿದ್ದನ್ನು ಕೇಳಿದ ಹಾಗೆ ಎಲ್ಲಿ ಬೇಕಾದರೂ ಬಂದು ಹೇಳುತ್ತೇವೆ ಅಂದಿದ್ದಾರೆ.

ಇಂತಿ,
22 ತಿಂಗಳ ಮಗಳ ತಾಯಿ,
ಉಣಕಲ್, ಹುಬ್ಬಳ್ಳಿ